ಕೊನೆಯ ಸುತ್ತಿನಲ್ಲಿ ಹುಟ್ಟುವ ಕಾಲೇಜಿನ ಆಸೆ

ಪಿಯುಸಿ ಫಲಿತಾಂಶ ಬಂದ ದಿನ ಕರಾವಳಿಯ ಮೊಬೈಲ್‌ಗಳಿಗೆ ಬಿಡುವಿಲ್ಲ. 2024ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಆ ಅಂಕಗಳಲ್ಲಿ ನಮ್ಮ ಮಕ್ಕಳ ಪಾಲೂ ಉಂಟು. ಅಂಕಪಟ್ಟಿಯ ಫೋಟೊ ಸ್ಟೇಟಸ್‌ಗೆ ಹೋಗುತ್ತದೆ, ಜಮಾಅತ್ ಗ್ರೂಪಿನಲ್ಲಿ ಅಭಿನಂದನೆಯ ಮಳೆ ಸುರಿಯುತ್ತದೆ, ದಮ್ಮಾಮ್‌ನಿಂದ ಮಾಮನ ಫೋನ್ ಬರುತ್ತದೆ. ಎರಡು ತಿಂಗಳು ಕಳೆದ ಮೇಲೆ ಅದೇ ಮೊಬೈಲ್‌ಗಳಲ್ಲಿ ಬೇರೆಯದೇ ಮಾತು ಓಡಾಡುತ್ತದೆ: “ಎಲ್ಲಿಯಾದ್ರೂ ಒಂದು ಸೀಟು ಉಂಟಾ? ನಿಮಗೆ ಅಲ್ಲಿ ಯಾರಾದ್ರೂ ಪರಿಚಯ ಇದ್ದಾರಾ?”

ಈ ಎರಡು ಫೋನ್‌ಗಳ ನಡುವಿನ ಎರಡು ತಿಂಗಳಲ್ಲಿ ಏನಾಗುತ್ತದೆ ಎಂಬುದೇ ನಮ್ಮ ಇವತ್ತಿನ ವಿಷಯ. ಅಂಕ ಇದ್ದೂ ಬೇಡದ ಕೋರ್ಸಿಗೆ ಸೇರಿದ ಮಕ್ಕಳು, ಸರಕಾರಿ ಸೀಟು ಸಿಗಬಹುದಾಗಿದ್ದಲ್ಲಿ ಲಕ್ಷಗಟ್ಟಲೆ ಕೊಟ್ಟು ಸೇರಿದ ಮಕ್ಕಳು, “ಈ ವರ್ಷ ಬಿಡುವಾ, ಮುಂದಿನ ವರ್ಷ ನೋಡುವಾ” ಎಂದು ಮನೆಯಲ್ಲೇ ಉಳಿದ ಮಕ್ಕಳು ಪ್ರತಿಯೊಂದು ಮೊಹಲ್ಲಾದಲ್ಲೂ ಸಿಗುತ್ತಾರೆ. ಇವರಲ್ಲಿ ಹೆಚ್ಚಿನವರು ಪರೀಕ್ಷೆಯಲ್ಲಿ ಸೋತವರಲ್ಲ, ತಾರೀಕಿನಲ್ಲಿ ಸೋತವರು.

ತಡವಾದ ಆಸಕ್ತಿಗೆ ಎಲ್ಲ ಕಡೆಯೂ ಒಂದೇ ಬೆಲೆ ಇಲ್ಲ. ಕೆಲವು ಬಾಗಿಲುಗಳು ಒಮ್ಮೆ ಮುಚ್ಚಿದರೆ ಎಷ್ಟು ತಟ್ಟಿದರೂ ತೆರೆಯುವುದಿಲ್ಲ. ಕೆಲವು ಬಾಗಿಲು ಕೊನೆಯವರೆಗೂ ಅರ್ಧ ತೆರೆದೇ ಇರುತ್ತವೆ, ತಟ್ಟುವವರು ಮಾತ್ರ ಇರುವುದಿಲ್ಲ. ಯಾವುದು ಯಾವುದು ಎಂದು ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಕೆಇಎಗೆ ಮುಖ ಪರಿಚಯ ಇಲ್ಲ

ಮೊದಲು ಸಿಇಟಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸೀಟು ಹಂಚುವಾಗ ಯಾರ ಶಿಫಾರಸನ್ನೂ ನೋಡುವುದಿಲ್ಲ. ಕಾಲೇಜಿಗೆ ನಾಲ್ಕು ಸಲ ಹೋಗಿ ಪ್ರಿನ್ಸಿಪಾಲರಿಗೆ ಸಲಾಂ ಹೇಳಿ ಬಂದರೂ ಸರಕಾರಿ ಕೋಟಾದ ಸೀಟಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಮೂರೇ: ರ‍್ಯಾಂಕ್, ಮೀಸಲಾತಿಯ ದಾಖಲೆ, ಆಪ್ಷನ್ ಎಂಟ್ರಿ. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕದಿಂದ ಅರ್ಧ, ಸಿಇಟಿಯಿಂದ ಅರ್ಧ. ಅಷ್ಟರ ಮಟ್ಟಿಗೆ ಪರೀಕ್ಷೆ ಮುಗಿದಾಗಲೇ ಲೆಕ್ಕ ಮುಗಿದಿರುತ್ತದೆ. ನಮ್ಮ ಕೈಯಲ್ಲಿ ಉಳಿಯುವುದು ಆಪ್ಷನ್ ಎಂಟ್ರಿ. ಕೆಇಎಗೆ ನಾವು ಆಸಕ್ತಿ ತೋರಿಸುವ ಜಾಗ ಅದೊಂದೇ.

ಆ ಜಾಗದಲ್ಲಿ ನಡೆಯುವುದನ್ನು ನೋಡಿ. ಕೊನೆಯ ದಿನ ಸಂಜೆ ಸೈಬರ್ ಅಂಗಡಿಯಲ್ಲಿ ಸರತಿ. ಹುಡುಗ ಹೊರಗೆ ಬೈಕಿನ ಮೇಲೆ ಕೂತಿರುತ್ತಾನೆ, ಅಂಗಡಿಯವರೇ ತಮಗೆ ಗೊತ್ತಿರುವ ಎಂಟು ಹತ್ತು ಕಾಲೇಜಿನ ಹೆಸರು ಒತ್ತಿ ಮುಗಿಸುತ್ತಾರೆ. ನಾಲ್ಕು ವರ್ಷದ ಓದು, ಅದರ ಮೇಲೆ ನಿಂತ ಬದುಕು ಹದಿನೈದು ನಿಮಿಷದಲ್ಲಿ ತೀರ್ಮಾನ ಆಗುತ್ತದೆ.

ಹಂಚಿಕೆಯ ರೀತಿ ಕಷ್ಟದ್ದೇನಲ್ಲ. ಕಂಪ್ಯೂಟರು ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದೆ. ಆ ಹೊತ್ತಿಗೆ ಮೊದಲು ಸಿಗುವ ಖಾಲಿ ಸೀಟು ಆ ಮಗುವಿಗೆ. ಹಾಗಾಗಿ “ದೊಡ್ಡ ಕಾಲೇಜನ್ನು ಮೇಲೆ ಬರೆದರೆ ಸಣ್ಣದೂ ಹೋಗ್ತದೆ” ಎಂಬ ಹೆದರಿಕೆಗೆ ಆಧಾರವಿಲ್ಲ. ನಿಜವಾಗಿ ಬೇಕಾದದ್ದನ್ನು ಮೇಲೆ, ಸಾಧಾರಣ ಸಿಗಬಹುದಾದದ್ದನ್ನು ನಡುವೆ, ಖಂಡಿತ ಸಿಗುವಂಥದ್ದನ್ನು ಕೆಳಗೆ ಬರೆಯಬೇಕು. ಪಟ್ಟಿ ಉದ್ದವಿದ್ದರೆ ನಷ್ಟವಿಲ್ಲ, ಗಿಡ್ಡವಿದ್ದರೆ ಸೀಟೇ ಇಲ್ಲದೆ ಉಳಿಯುವ ಅಪಾಯ ಉಂಟು. ಹಿಂದಿನ ವರ್ಷ ಯಾವ ಕಾಲೇಜಿನ ಯಾವ ಕೋರ್ಸು ಯಾವ ರ‍್ಯಾಂಕಿಗೆ ನಿಂತಿತು ಎಂಬ ಕಟ್ ಆಫ್ ಪಟ್ಟಿ ಕೆಇಎ ಜಾಲತಾಣದಲ್ಲೇ ಸಿಗುತ್ತದೆ. ಅದನ್ನು ಮನೆಯಲ್ಲಿ ಕೂತು ಪೆನ್ನು ಕಾಗದ ಹಿಡಿದು ನೋಡಲು ಒಂದು ಭಾನುವಾರ ಸಾಕು.

ಅಣಕು ಸೀಟು ಹಂಚಿಕೆ ಇರುವುದೇ ತಡವಾಗಿ ಎಚ್ಚೆತ್ತವರಿಗೆ ಎನ್ನಬಹುದು. ಅದರ ಫಲಿತಾಂಶ ನೋಡಿದ ಮೇಲೆ ಪಟ್ಟಿಯನ್ನು ತಿದ್ದಲು, ಸೇರಿಸಲು ಕೆಲವು ದಿನ ಸಿಗುತ್ತದೆ. “ಅಣಕು ತಾನೇ, ಅಸಲಿ ಬರ್ಲಿ, ಆಮೇಲೆ ನೋಡುವಾ” ಎಂದು ಕೂತರೆ ಆಯಿತು. ಸಾಮಾನ್ಯವಾಗಿ ಅಸಲಿ ಸುತ್ತು ಶುರುವಾದ ಮೇಲೆ ಪಟ್ಟಿಯಲ್ಲಿ ಇಲ್ಲದ ಕಾಲೇಜನ್ನು ಹೊಸದಾಗಿ ಸೇರಿಸಲಿಕ್ಕೆ ಆಗುವುದಿಲ್ಲ.

ಅಸಲಿ ಹಂಚಿಕೆಯ ನಂತರದ ನಾಲ್ಕು ಚಾಯ್ಸ್‌ಗಳನ್ನು ಮನೆಯ ಹಿರಿಯರೂ ತಿಳಿದುಕೊಳ್ಳಬೇಕು. ಚಾಯ್ಸ್ ಒಂದು ಅಂದರೆ ಸೀಟು ಒಪ್ಪಿದೆ, ಶುಲ್ಕ ಕಟ್ಟಿ ಸೇರುತ್ತೇನೆ ಎಂದರ್ಥ. ಎರಡು ಅಂದರೆ ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೂ ನೋಡುತ್ತೇನೆ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಹೋಗುತ್ತೇನೆ. ನಾಲ್ಕು ಅಂದರೆ ಈ ವ್ಯವಸ್ಥೆಯಿಂದಲೇ ಹೊರಗೆ. ಮೂರನ್ನು ಒತ್ತಿದವರಿಗೆ ಕೈಯಲ್ಲಿದ್ದ ಸೀಟು ಹೋಗುತ್ತದೆ, ಮುಂದೆ ಸಿಗುತ್ತದೆ ಎಂಬ ಖಾತರಿ ಇಲ್ಲ. ಏನನ್ನೂ ಒತ್ತದೆ ಬಿಟ್ಟರೂ ಸೀಟು ರದ್ದು. ಮದುವೆ ಮನೆಯ ಗಡಿಬಿಡಿಯಲ್ಲಿ ಈ ಎರಡು ಮೂರು ದಿನ ದಾಟಿಹೋದರೆ ಮತ್ತೆ ಯಾರಿಗೆ ಫೋನ್ ಮಾಡಿದರೂ ಪ್ರಯೋಜನವಿಲ್ಲ.

ಕಾಗದ ಸಿದ್ಧ ಇರಲಿ

ಎರಡನೆಯದು ದಾಖಲೆ. 2ಬಿ ಪ್ರವರ್ಗದ ಶೇ. 4 ಮೀಸಲಾತಿ ಎಷ್ಟು ದೊಡ್ಡ ಸುದ್ದಿಯಾಗಿತ್ತು ಎಂದು ಎಲ್ಲರಿಗೂ ನೆನಪಿದೆ. 2023ರ ಮಾರ್ಚ್‌ನಲ್ಲಿ ಅದನ್ನು ತೆಗೆಯುವ ಆದೇಶ ಬಂತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಆದೇಶ ಜಾರಿಯಾಗಲಿಲ್ಲ. ಅಷ್ಟು ದೂರ ಹೋಗಿ ಉಳಿದ ಮೀಸಲಾತಿ ಒಂದು ಮನೆಯ ಪಾಲಿಗೆ ಕೈತಪ್ಪಲು ನಾಡಕಚೇರಿಯ ಒಂದು ಅವಧಿ ಮೀರಿದ ಪ್ರಮಾಣಪತ್ರ ಸಾಕು.

ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಎಂಟನೇ ತರಗತಿಯಲ್ಲಿ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ್ದು ಸಿಇಟಿ ಹೊತ್ತಿಗೆ ಹಳತಾಗಿರಬಹುದು. ಸಿಇಟಿ ಅರ್ಜಿಯಲ್ಲಿ ಅದರ ಆರ್‌ಡಿ ಸಂಖ್ಯೆ ಹಾಕಬೇಕು. ಪ್ರಮಾಣಪತ್ರದ ಹೆಸರು, ಆಧಾರ್‌ನ ಹೆಸರು, ಎಸೆಸೆಲ್ಸಿ ಅಂಕಪಟ್ಟಿಯ ಹೆಸರು ಮೂರೂ ಒಂದೇ ಇರಬೇಕು. ನಮ್ಮಲ್ಲಿ ‘ಮುಹಮ್ಮದ್’, ‘ಮೊಹಮ್ಮದ್’, ‘ಮಹಮ್ಮದ್’ ಮೂರೂ ಒಂದೇ ಹುಡುಗನ ಕಾಗದದಲ್ಲಿ ಇರುವುದುಂಟು. ‘ಫಾತಿಮಾ’ ಒಂದು ಕಡೆ, ‘ಫಾತಿಮತ್’ ಇನ್ನೊಂದು ಕಡೆ. ಇದನ್ನು ಜೂನ್‌ನಲ್ಲಿ ಸರಿಪಡಿಸಲು ಹೊರಟರೆ ತಾಲೂಕು ಕಚೇರಿ, ಶಾಲೆ, ಆಧಾರ್ ಕೇಂದ್ರ ಎಂದು ಮೂರು ಕಡೆ ಓಡಬೇಕು. ಮಗು ಒಂಬತ್ತನೇ ತರಗತಿಯಲ್ಲಿರುವಾಗ ಮಾಡಿದರೆ ಆರಾಮವಾಗಿ ಆಗುವ ಕೆಲಸ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೆರಡು ಕಾಗದ ಉಂಟು. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಕಲಿತವರಿಗೆ ಗ್ರಾಮೀಣ ಮೀಸಲಾತಿ ಶೇ. 15. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಶೇ. 5. ನಮ್ಮ ಹಳ್ಳಿಗಳ ಸರಕಾರಿ ಶಾಲೆಯಲ್ಲಿ ಓದಿದ ಮಕ್ಕಳಿಗೆ ಎರಡೂ ಅನ್ವಯಿಸಬಹುದು. ಅದಕ್ಕೆ ಶಾಲೆಯ ಮುಖ್ಯಸ್ಥರು ಕೊಟ್ಟು, ಕ್ಷೇತ್ರ ಶಿಕ್ಷಣಾಧಿಕಾರಿಯವರು ಮೇಲುಸಹಿ ಹಾಕಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಸರಕಾರಿ ಶಾಲೆಗೆ ಹೋದದ್ದನ್ನು ಕೊರತೆ ಎಂದು ತಿಳಿದ ಮನೆಗಳಿಗೆ ಅದೇ ಸೀಟು ತಂದುಕೊಡುತ್ತದೆ. ಆದರೆ ಅರ್ಜಿ ಹಾಕುವಾಗಲೇ ಹೇಳಿಕೊಂಡಿರಬೇಕು. ತಿದ್ದುಪಡಿಗೆ ಕೆಇಎ ಅವಕಾಶ ಕೊಡುವುದುಂಟು, ಅದೂ ಕೆಲವೇ ದಿನ.

ಹಣದ ವಿಷಯವೂ ಹಾಗೆಯೇ. ಸಿಇಟಿ, ನೀಟ್ ಮೂಲಕ ಸೀಟು ಪಡೆಯುವ ಅಲ್ಪಸಂಖ್ಯಾತ ಮಕ್ಕಳಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯೋಜನೆ ಇದೆ. ವಿದ್ಯಾರ್ಥಿವೇತನಗಳಿಗೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಎರಡಕ್ಕೂ ಕೊನೆಯ ದಿನಾಂಕ ಇದೆ. ಸೀಟು ಸಿಕ್ಕಿದ ಮೇಲೆ ಹಣಕ್ಕೆ ಊರಿನ ಹಾಜಿಯವರನ್ನು ಹುಡುಕುವ ಮೊದಲು ನಿಗಮದ ಜಿಲ್ಲಾ ಕಚೇರಿಯ ದಾರಿ ತಿಳಿದಿರಬೇಕು.

ಗಲ್ಫ್ ಮನೆಗಳ ಲೆಕ್ಕ

ಇನ್ನು ಗಲ್ಫ್‌ನಲ್ಲಿರುವ ಕುಟುಂಬಗಳ ವಿಷಯ. ಇಲ್ಲಿ ತಡ ಆಗುವುದು ಹನ್ನೆರಡನೇ ತರಗತಿ ಮುಗಿದಾಗ ಅಲ್ಲ, ಹತ್ತನೇ ತರಗತಿ ಮುಗಿದಾಗ. ಜುಬೈಲ್‌ನಲ್ಲೋ ಶಾರ್ಜಾದಲ್ಲೋ ಹತ್ತು ಮುಗಿಸಿದ ಮಗುವನ್ನು ಊರಿಗೆ ಕಳಿಸಬೇಕೋ ಅಲ್ಲೇ ಓದಿಸಬೇಕೋ ಎಂದು ಮನೆಯಲ್ಲಿ ಮಾತಾಗುತ್ತದೆ. ಆಗ ಬಾಡಿಗೆ, ಫ್ಯಾಮಿಲಿ ವೀಸಾ, ಉಮ್ಮನ ಆರೋಗ್ಯ ಎಲ್ಲ ಲೆಕ್ಕಕ್ಕೆ ಬರುತ್ತವೆ. ಎರಡು ವರ್ಷದ ನಂತರದ ಕಾಲೇಜು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕಾಲೇಜಿನ ತೀರ್ಮಾನ ಆಗುವುದೇ ಅಲ್ಲಿ.

ಒಂದು ದಾರಿ ಹೀಗಿದೆ. ಮಗು ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ ಪಾಸಾಗಬೇಕು. ತಂದೆ ಅಥವಾ ತಾಯಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಕಲಿತಿರಬೇಕು. ಆಗ ಹತ್ತರವರೆಗೆ ಹೊರಗೆ ಓದಿದ್ದರೂ ಸಿಇಟಿಯ ಸರಕಾರಿ ಸೀಟಿಗೆ ಅರ್ಹತೆ ಬರುತ್ತದೆ. ಇದಕ್ಕೆ ಬೇಕಾದ ಮುಖ್ಯ ಕಾಗದ ಉಪ್ಪನದೋ ಉಮ್ಮನದೋ ಹಳೆಯ ಶಾಲೆಯ ವ್ಯಾಸಂಗ ಪ್ರಮಾಣಪತ್ರ. ಮೂವತ್ತು ವರ್ಷದ ಹಿಂದೆ ಬಿಟ್ಟ ಊರಿನ ಶಾಲೆಗೆ ಹೋಗಿ ದಾಖಲಾತಿ ಪುಸ್ತಕ ತೆಗೆಸಬೇಕು. ಎರಡು ಮೂರು ಶಾಲೆ ಬದಲಾಗಿದ್ದರೆ ಅಷ್ಟೂ ಕಡೆ ಹೋಗಬೇಕು. ರಜೆಯಲ್ಲಿ ಊರಿಗೆ ಬಂದಾಗ ಮಾಡಬೇಕಾದ ಮೊದಲ ಕೆಲಸಗಳಲ್ಲಿ ಇದೊಂದು.

ಇನ್ನೊಂದು ದಾರಿ ಸುರತ್ಕಲ್‌ನ ಎನ್‌ಐಟಿಕೆಯಂಥ ಸಂಸ್ಥೆಗಳಿಗೆ. ವಿದೇಶದಲ್ಲಿರುವ ಭಾರತೀಯರ ಮಕ್ಕಳಿಗೆ ಎನ್‌ಐಟಿಗಳಲ್ಲಿ ಡಾಸಾ ಎಂಬ ಪ್ರವೇಶ ಯೋಜನೆ ಇದೆ. ಅದರೊಳಗೆ ಗಲ್ಫ್ ದೇಶಗಳಲ್ಲಿ ದುಡಿಯುವವರ ಮಕ್ಕಳಿಗೇ ಮೀಸಲಾದ ಸಿಐಡಬ್ಲ್ಯುಜಿ ಎಂಬ ವಿಭಾಗ ಇದೆ. ಯುಎಇ, ಸೌದಿ, ಒಮಾನ್, ಕತರ್, ಕುವೈತ್, ಬಹರೈನ್ ಈ ಆರು ದೇಶಗಳು. ಡಾಸಾದ ಉಳಿದ ಮಕ್ಕಳು ಡಾಲರ್ ಲೆಕ್ಕದ ಶುಲ್ಕ ಕಟ್ಟುವಾಗ ಈ ವಿಭಾಗದ ಮಕ್ಕಳಿಗೆ ಊರಿನ ಮಕ್ಕಳಷ್ಟೇ ಟ್ಯೂಷನ್ ಶುಲ್ಕ. ಸೀಟು ಸಿಗುವುದು ಜೆಇಇ ಮೇನ್ ರ‍್ಯಾಂಕಿನ ಮೇಲೆ. ಹನ್ನೊಂದು, ಹನ್ನೆರಡನೇ ತರಗತಿಯನ್ನು ಮಾತ್ರ ವಿದೇಶದಲ್ಲೇ ಓದಿರಬೇಕು. ಊರಿನ ಮಂದಿ “ಪಿಯುಸಿಗೆ ಇಲ್ಲಿಗೇ ಕಳಿಸಿ, ಕೋಚಿಂಗ್ ಚೆನ್ನಾಗಿದೆ” ಎಂದದ್ದನ್ನು ಕೇಳಿ ಕಳಿಸಿದರೆ ಆ ಬಾಗಿಲು ಮುಚ್ಚಿತು. ಹಾಗೆಂದು ಅಲ್ಲೇ ಓದಿಸಿದರೆ ಸಿಇಟಿಯ ಮೊದಲ ದಾರಿ ಮುಚ್ಚಿತು. ಎರಡೂ ಒಳ್ಳೆಯ ದಾರಿಯೇ. ಮಗುವಿನ ಶಕ್ತಿ ಎಲ್ಲಿದೆ ಎಂದು ನೋಡಿ ಹತ್ತನೇ ತರಗತಿಯಲ್ಲೇ ಒಂದನ್ನು ಆರಿಸಿಕೊಂಡರೆ ಸರಿ. ಹನ್ನೆರಡು ಮುಗಿದ ಮೇಲೆ ಎರಡರ ಬಗ್ಗೆಯೂ ಕೇಳುವವರಿಗೆ ಉಳಿಯುವುದು ಎನ್‌ಆರ್‌ಐ ಕೋಟಾದ ಬಿಲ್ಲು ಮಾತ್ರ.

ನೀಟ್: ಎರಡು ಕಚೇರಿ, ಎರಡು ಕ್ಯಾಲೆಂಡರ್

ಡಾಕ್ಟರ್ ಆಗಬೇಕೆನ್ನುವ ಮಕ್ಕಳ ಮನೆಗಳಲ್ಲಿ ಇನ್ನೊಂದು ಗೊಂದಲ. ನೀಟ್ ಪರೀಕ್ಷೆ ಒಂದೇ ಆದರೂ ಸೀಟು ಹಂಚುವ ಕಚೇರಿ ಎರಡು. ಸರಕಾರಿ ವೈದ್ಯಕೀಯ ಕಾಲೇಜುಗಳ ಶೇ. 15ರಷ್ಟು ಅಖಿಲ ಭಾರತ ಕೋಟಾ ಸೀಟುಗಳನ್ನೂ ಎಲ್ಲ ಡೀಮ್ಡ್ ವಿಶ್ವವಿದ್ಯಾನಿಲಯಗಳ ಸೀಟುಗಳನ್ನೂ ದಿಲ್ಲಿಯ ಎಂಸಿಸಿ ಹಂಚುತ್ತದೆ. ರಾಜ್ಯದ ಉಳಿದ ಸೀಟುಗಳನ್ನು ಕೆಇಎ ಹಂಚುತ್ತದೆ. ನಮ್ಮ ಮಂಗಳೂರು, ದೇರಳಕಟ್ಟೆ, ಮಣಿಪಾಲದಲ್ಲಿ ಕಣ್ಣೆದುರೇ ಇರುವ ಡೀಮ್ಡ್ ಕಾಲೇಜುಗಳಿಗೆ ಸೇರಬೇಕಾದರೂ ಎಂಸಿಸಿಯಲ್ಲಿ ನೋಂದಣಿ ಆಗಿರಬೇಕು. ಬರೀ ಕೆಇಎಯಲ್ಲಿ ನೋಂದಾಯಿಸಿ “ಕಾಲೇಜು ಮನೆ ಪಕ್ಕವೇ ಅಲ್ವಾ” ಎಂದು ಕೂತರೆ ಆಗುವುದಿಲ್ಲ. ಡೀಮ್ಡ್ ಸೀಟಿಗೆ ಎಂಸಿಸಿಯಲ್ಲಿ 2 ಲಕ್ಷ ರೂ. ಭದ್ರತಾ ಠೇವಣಿಯನ್ನೂ ಇಡಬೇಕು.

ಎಂಸಿಸಿಯ ಕೊನೆಯ ಸುತ್ತಿಗೆ ಸ್ಟ್ರೇ ವೇಕೆನ್ಸಿ ಸುತ್ತು ಎಂದು ಹೆಸರು. ಉಳಿದ ಸೀಟು ಅಲ್ಲಿ ಸಿಗಬಹುದು ಎಂದು ಹಲವರು ಕಾಯುತ್ತಾರೆ, ಕೆಲವರಿಗೆ ಸಿಗುವುದೂ ಉಂಟು. ಆದರೆ ಅಲ್ಲಿ ಸುಮ್ಮನೆ ಹೆಸರು ಹಾಕಿ ನೋಡುವ ಆಟ ಇಲ್ಲ. ಸೀಟು ಬಂದ ಮೇಲೆ ಸೇರದಿದ್ದರೆ ಠೇವಣಿ ಹೋಗುತ್ತದೆ, ಮುಂದಿನ ನೀಟ್‌ಗೂ ಅಡ್ಡಿಯಾಗುತ್ತದೆ. ಶುಲ್ಕ ಎಷ್ಟು, ಅದನ್ನು ಹೊಂದಿಸಲು ಮನೆಗೆ ಸಾಧ್ಯವೇ ಎಂದು ಮೊದಲೇ ಕೂತು ಮಾತಾಡಿ ಆ ಸುತ್ತಿಗೆ ಇಳಿಯಬೇಕು.

ಮುಖ ತೋರಿಸಿದರೆ ಪ್ರಯೋಜನ ಇರುವ ಜಾಗ

ಎಲ್ಲ ಬಾಗಿಲೂ ಕಂಪ್ಯೂಟರಿನದ್ದಲ್ಲ. ಬಿಕಾಂ, ಬಿಎ, ಬಿಎಸ್ಸಿ, ಬಿಸಿಎ, ಬಿಬಿಎ ಕೋರ್ಸುಗಳ ಪ್ರವೇಶವನ್ನು ಬಹುಪಾಲು ಕಾಲೇಜುಗಳೇ ನೋಡಿಕೊಳ್ಳುತ್ತವೆ. ಇಲ್ಲಿ ತಡವಾಗಿ ತೋರಿಸಿದ ಆಸಕ್ತಿಗೂ ಬೆಲೆ ಉಂಟು. ಇಂಜಿನಿಯರಿಂಗ್, ಮೆಡಿಕಲ್ ಸುತ್ತುಗಳು ನಡೆಯುತ್ತಾ ಹೋದಂತೆ ಡಿಗ್ರಿ ಕಾಲೇಜಿನಲ್ಲಿ ಸೇರಿದ ಕೆಲವರು ಬಿಟ್ಟು ಹೋಗುತ್ತಾರೆ. ಖಾಲಿಯಾದ ಆ ಸೀಟು ಯಾರಿಗೆ? ಕಾಯುವವರ ಪಟ್ಟಿಯಲ್ಲಿ ಹೆಸರಿದ್ದವರಿಗೆ, ಕರೆದ ದಿನ ದಾಖಲೆ ಹಿಡಿದು ಬಂದವರಿಗೆ.

ಹಾಗಾಗಿ “ಸೀಟು ಇಲ್ಲಂತೆ” ಎಂಬ ಮಾತನ್ನು ಬೇರೆಯವರ ಬಾಯಿಂದ ಕೇಳಿ ಸುಮ್ಮನಾಗಬಾರದು. ಮಗುವೇ ಕಾಲೇಜಿಗೆ ಹೋಗಬೇಕು. ಜೊತೆಗೆ ಉಪ್ಪ, ಉಮ್ಮ, ಅಕ್ಕ ಯಾರಾದರೂ ಇರಲಿ, ಆದರೆ ಮಾತು ಮಗುವಿನದ್ದಾಗಿರಲಿ. ಕಚೇರಿಯಲ್ಲಿ ಕೇಳಬೇಕಾದ್ದು ಇಷ್ಟು: ಕಾಯುವವರ ಪಟ್ಟಿ ಇದೆಯೇ? ಯಾವ ತಾರೀಕಿಗೆ ಗೊತ್ತಾಗುತ್ತದೆ? ಬೇರೆ ಕಾಂಬಿನೇಷನ್‌ನಲ್ಲಿ ಜಾಗ ಇದೆಯೇ? ಒಟ್ಟು ಶುಲ್ಕ ಎಷ್ಟು, ಕಂತು ಉಂಟೇ? ಒಂದು ಚಿಕ್ಕ ಅರ್ಜಿ, ಅಂಕಪಟ್ಟಿಯ ನಕಲು, ಮೊಬೈಲ್ ಸಂಖ್ಯೆ ಕೊಟ್ಟು ಬರಬೇಕು. ವಾರದ ನಂತರ ಮತ್ತೊಮ್ಮೆ ವಿಚಾರಿಸಬೇಕು. ದಿನಕ್ಕೆ ಮೂರು ಸಲ ಬೇರೆ ಬೇರೆ ದೊಡ್ಡವರಿಂದ ಫೋನ್ ಮಾಡಿಸುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಒಂದು ಕಾಲೇಜಿಗೆ ಹಣ ಕಟ್ಟಿ ಇನ್ನೊಂದಕ್ಕೆ ಹೋಗುವವರಿಗೂ ಒಂದು ಮಾತು. ಸೇರಿದ ಮಕ್ಕಳ ಮೂಲ ಪ್ರಮಾಣಪತ್ರಗಳನ್ನು ಕಾಲೇಜು ತನ್ನಲ್ಲೇ ಇಟ್ಟುಕೊಳ್ಳುವಂತಿಲ್ಲ, ಬಿಟ್ಟು ಹೋದರೆ ನಿಯಮದ ಪ್ರಕಾರ ಶುಲ್ಕ ಮರಳಿಸಬೇಕು ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಹಣ ಕಟ್ಟುವಾಗ ರಶೀದಿ ಕೇಳುವುದು ಮರ್ಯಾದೆಗೆ ಕಮ್ಮಿ ಅಲ್ಲ.

ಪಿಯುಸಿಯಲ್ಲಿ ಒಂದು ವಿಷಯ ಹೋದವರಿಗೂ ವರ್ಷ ಹೋಗಲೇಬೇಕೆಂದಿಲ್ಲ. 2024ರಿಂದ ರಾಜ್ಯದಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ವಾರ್ಷಿಕ ಪರೀಕ್ಷೆ ನಡೆಯುತ್ತಿದೆ, ಹೆಚ್ಚು ಬಂದ ಅಂಕ ಉಳಿಯುತ್ತದೆ. ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರಿಗೆ ಡಿಸಿಇಟಿ ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರುವ ದಾರಿ ಇದೆ. ಅಂಗಡಿಯಲ್ಲಿ ದುಡಿಯುತ್ತಲೇ ಓದಬೇಕೆನ್ನುವವರಿಗೆ ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಮತ್ತು ಇಗ್ನೊ ಇವೆ. ತಡವಾದವರಿಗೆ ಇವು ಬೇಡವಾದ ದಾರಿಗಳಲ್ಲ, ನಡೆದು ಹೋಗಬಹುದಾದ ದಾರಿಗಳು.

ಆಸಕ್ತಿಯನ್ನೇ ಅಳೆಯುವ ದೇಶ

ಈಗ ನಮ್ಮ ಕೆಲವು ಮಕ್ಕಳು ಅಮೆರಿಕ, ಬ್ರಿಟನ್ ಕಡೆಗೂ ನೋಡುತ್ತಿದ್ದಾರೆ, ಮುಖ್ಯವಾಗಿ ಗಲ್ಫ್‌ನಲ್ಲಿ ಹನ್ನೆರಡು ಮುಗಿಸಿದವರು. ಅಲ್ಲಿನ ರೀತಿ ಇಲ್ಲಿಯದಕ್ಕೆ ತೀರಾ ಬೇರೆ. ಅಮೆರಿಕದ ಹಲವು ಖಾಸಗಿ ಕಾಲೇಜುಗಳು ‘ಈ ವಿದ್ಯಾರ್ಥಿಗೆ ನಮ್ಮಲ್ಲಿ ನಿಜವಾಗಿ ಆಸಕ್ತಿ ಉಂಟೇ’ ಎಂದು ಅಳೆದು ನೋಡುತ್ತವೆ. ಸೀಟು ಕೊಟ್ಟ ಮೇಲೆ ಬಾರದವರು ಹೆಚ್ಚಾದರೆ ಅವುಗಳ ಲೆಕ್ಕ ತಪ್ಪುತ್ತದೆ, ಅದಕ್ಕೆ. ಹಲವು ಕಾಲೇಜುಗಳು ಪ್ರಕಟಿಸುವ ಕಾಮನ್ ಡೇಟಾ ಸೆಟ್ ಎಂಬ ಮಾಹಿತಿ ಪತ್ರದಲ್ಲಿ ಅರ್ಜಿದಾರರ ಆಸಕ್ತಿಗೆ ಎಷ್ಟು ತೂಕ ಎಂಬ ಒಂದು ಸಾಲು ಇರುತ್ತದೆ. ಎಂಐಟಿ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಂಥವು ಅದನ್ನು ಪರಿಗಣಿಸುವುದಿಲ್ಲ. ಅಂಥಲ್ಲಿ ಇ-ಮೇಲ್ ಮೇಲೆ ಇ-ಮೇಲ್ ಕಳಿಸಿದರೆ ಸಮಯ ವ್ಯರ್ಥ.

ಅಲ್ಲಿ ಅರ್ಜಿಯ ಮುಖ್ಯ ತಾರೀಕು ಜನವರಿಯ ಆಸುಪಾಸು, ಕೆಲವಕ್ಕೆ ಅದಕ್ಕೂ ಮೊದಲು ನವೆಂಬರ್. ಅರ್ಜಿ ಹಾಕಿದ ಮೇಲೂ ಆಸಕ್ತಿ ತೋರಿಸಬಹುದು. ಆನ್‌ಲೈನ್ ಮಾಹಿತಿ ಸಭೆಗೆ ಹೆಸರು ಕೊಡುವುದು, ಸಂದರ್ಶನಕ್ಕೆ ಕರೆದರೆ ತಪ್ಪಿಸದಿರುವುದು, ಪೋರ್ಟಲ್‌ನಲ್ಲಿ ಬಾಕಿ ಇರುವ ದಾಖಲೆ ಮುಗಿಸುವುದು, ಜಾಲತಾಣದಲ್ಲಿ ಉತ್ತರ ಇಲ್ಲದ ಪ್ರಶ್ನೆ ಇದ್ದರೆ ಮಾತ್ರ ಕೇಳುವುದು. ಕಾಯುವವರ ಪಟ್ಟಿಗೆ ಹಾಕಿದರೆ ‘ನನಗೆ ಈಗಲೂ ಆಸಕ್ತಿ ಇದೆ’ ಎಂದು ಒಂದೇ ಒಂದು ಚಿಕ್ಕ ಪತ್ರ ಬರೆಯುವ ರೂಢಿ ಇದೆ. ಅದರಲ್ಲಿ ಅರ್ಜಿಯ ನಂತರ ಬಂದ ಹೊಸ ಅಂಕ, ಮಾಡಿದ ಹೊಸ ಕೆಲಸ, ಆ ಕಾಲೇಜಿನ ಯಾವ ವಿಭಾಗಕ್ಕೆ ಯಾಕೆ ಬರಬೇಕೆನಿಸಿದೆ ಎಂಬುದು ಇರಬೇಕು. ಹೊಗಳಿಕೆ ಬೇಡ, ವಾರಕ್ಕೊಂದು ಪತ್ರವೂ ಬೇಡ. ಕಾಯುವವರ ಪಟ್ಟಿಯಿಂದ ಸೀಟು ಸಿಕ್ಕಿದರೂ ಆ ಹೊತ್ತಿಗೆ ನೆರವಿನ ಹಣ ಮುಗಿದಿರಬಹುದು. ಹಣದ ಲೆಕ್ಕ ಕೇಳದೆ ಹೂಂ ಅನ್ನಬಾರದು.

ಬ್ರಿಟನ್‌ನಲ್ಲಿ ಉಳಿದ ಸೀಟುಗಳಿಗೆ ‘ಕ್ಲಿಯರಿಂಗ್’ ಎಂಬ ಅಧಿಕೃತ ವ್ಯವಸ್ಥೆಯೇ ಇದೆ. ಜುಲೈಯಲ್ಲಿ ತೆರೆದು ಅಕ್ಟೋಬರ್‌ವರೆಗೆ ನಡೆಯುತ್ತದೆ, ಹೊರದೇಶದವರಿಗೂ ಅವಕಾಶ. ಆದರೆ ಸೀಟಿನ ಹಿಂದೆಯೇ ವೀಸಾದ ಓಟ ಇರುತ್ತದೆ, ಅದಕ್ಕೆ ವಾರಗಳು ಬೇಕು.

ಆತುರದವರನ್ನು ಕಾಯುವವರು

ತಡವಾದ ಮನೆಯನ್ನು ಎಲ್ಲರಿಗಿಂತ ಮೊದಲು ಗುರುತಿಸುವವನು ಏಜೆಂಟ್. “ಇವತ್ತೇ ಅಡ್ವಾನ್ಸ್ ಕೊಡಿ, ನಾಳೆ ಸೀಟು ಇರ್ಲಿಕ್ಕಿಲ್ಲ” ಎಂಬುದು ಅವನ ಮಾತು. ನರ್ಸಿಂಗ್, ಪ್ಯಾರಾಮೆಡಿಕಲ್, ಹೊರದೇಶದ ಎಂಬಿಬಿಎಸ್ ಹೆಸರಿನಲ್ಲಿ ಈ ಮಾತು ಹೆಚ್ಚು ಓಡಾಡುತ್ತದೆ. ಹಣ ಕೊಡುವ ಮೊದಲು ಕಾಲೇಜಿಗೆ ಸಂಬಂಧಪಟ್ಟ ಕೌನ್ಸಿಲ್‌ನ ಮಾನ್ಯತೆ, ವಿಶ್ವವಿದ್ಯಾನಿಲಯದ ಸಂಯೋಜನೆ ಈ ವರ್ಷಕ್ಕೂ ಇದೆಯೇ ಎಂದು ಆಯಾ ಜಾಲತಾಣದಲ್ಲೇ ನೋಡಬೇಕು.

ಹೊರದೇಶದಲ್ಲಿ ವೈದ್ಯಕೀಯ ಓದಿ ಇಲ್ಲಿ ವೃತ್ತಿ ಮಾಡಬೇಕಾದರೆ ನೀಟ್ ಅರ್ಹತೆ ಬೇಕೇ ಬೇಕು. 2021ರ ನಿಯಮಗಳ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳಿನದ್ದಾಗಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಆ ದೇಶದಲ್ಲಿ ವೃತ್ತಿ ಮಾಡುವ ಪರವಾನಗಿಗೂ ಅರ್ಹತೆ ಇರಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಜಾಗ ಮಾರಿ ಕಟ್ಟಿದ ಹಣ ಮತ್ತು ಮಗುವಿನ ಆರು ವರ್ಷ ಎರಡೂ ಹೋದಂತೆ. ಏಜೆಂಟ್ ಎದುರು ಈ ನಾಲ್ಕು ಪ್ರಶ್ನೆ ಇಡಿ. ಉತ್ತರವನ್ನು ಬರವಣಿಗೆಯಲ್ಲಿ ಕೊಡಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.

ಹೆಣ್ಣು ಮಕ್ಕಳ ತಡ ಬೇರೆ

ಹುಡುಗರ ತಡ ಹೆಚ್ಚಾಗಿ ಉದಾಸೀನದ್ದು. ಹುಡುಗಿಯರ ತಡ ಹಾಗಲ್ಲ. ಆಕೆಗೆ ಏನು ಓದಬೇಕೆಂದು ಮೊದಲ ಪಿಯುಸಿಯಲ್ಲೇ ಗೊತ್ತಿರುತ್ತದೆ, ಅಂಕವೂ ಇರುತ್ತದೆ. ಬಾಕಿ ಇರುವುದು ಮನೆಯ ತೀರ್ಮಾನ. ಹಾಸ್ಟೆಲಿಗೆ ಕಳಿಸುವುದೋ ಬೇಡವೋ, ಬಸ್ಸಿನಲ್ಲಿ ಅಷ್ಟು ದೂರ ಹೋಗುವುದು ಹೇಗೆ, ಬಂದ ಸಂಬಂಧಕ್ಕೆ ಏನು ಹೇಳುವುದು ಎಂದು ಹಿರಿಯರು ಯೋಚಿಸುತ್ತಿರುವಾಗ ತಾರೀಕು ದಾಟುತ್ತದೆ. ಆಮೇಲೆ “ಅವಳೇ ಏನೂ ಹೇಳಲಿಲ್ಲ” ಎಂದು ಮಾತು ಮುಗಿಯುತ್ತದೆ.

ಹಿರಿಯರ ಚಿಂತೆ ಸುಳ್ಳಲ್ಲ. ಅದಕ್ಕೆ ಉತ್ತರ ಹುಡುಕಲು ಸಮಯ ಬೇಕು, ಅಷ್ಟೆ. ಹೆಣ್ಣು ಮಕ್ಕಳಿಗೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ. 2023ರ ಜೂನ್‌ನಿಂದ ಸರಕಾರಿ ಬಸ್‌ನಲ್ಲಿ ಹೆಣ್ಣು ಮಕ್ಕಳಿಗೆ ಟಿಕೆಟ್ ಇಲ್ಲ, ಆದರೆ ನಮ್ಮ ಕಡೆ ಖಾಸಗಿ ಬಸ್ಸುಗಳೇ ಹೆಚ್ಚಿರುವುದರಿಂದ ಯಾವ ರೂಟಿನಲ್ಲಿ ಸರಕಾರಿ ಬಸ್ ಉಂಟು ಎಂದು ನೋಡಿ ಕಾಲೇಜು ಆರಿಸಿದರೆ ಲಾಭ. ಒಂದೇ ಊರಿನ ಮೂರು ನಾಲ್ಕು ಹುಡುಗಿಯರು ಒಂದೇ ಕಾಲೇಜು ಆರಿಸಿದರೆ ಮನೆಯವರ ಅರ್ಧ ಆತಂಕ ಇಳಿಯುತ್ತದೆ. ಇದೆಲ್ಲವೂ ಜನವರಿಯಲ್ಲಿ ಕೂತು ಮಾತಾಡಿದರೆ ಆಗುವಂಥದ್ದು. ಜುಲೈಯಲ್ಲಿ ಕೂತರೆ ‘ಹತ್ತಿರದ್ದು ಯಾವುದು’ ಎಂಬ ಒಂದೇ ಪ್ರಶ್ನೆ ಉಳಿಯುತ್ತದೆ.

ಮೊಹಲ್ಲಾದಲ್ಲಿ ಒಂದು ಸಂಜೆ

ಸಾಧಕರಿಗೆ ಶಾಲು, ಫಲಕ ಕೊಡುವ ಕಾರ್ಯಕ್ರಮ ನಮ್ಮ ಊರುಗಳಲ್ಲಿ ಬೇಕಾದಷ್ಟು ನಡೆಯುತ್ತದೆ. ಅದು ನಡೆಯಲಿ. ಅದಕ್ಕಿಂತ ನಾಲ್ಕು ತಿಂಗಳ ಮೊದಲು, ಅರ್ಜಿಯ ಕಾಲದಲ್ಲಿ, ಮದ್ರಸದ ಹಾಲ್‌ನಲ್ಲಿ ಒಂದು ಸಂಜೆ ಸೇರಿದರೆ ಅದರ ಫಲ ದೊಡ್ಡದು. ಕಳೆದ ವರ್ಷ ಸಿಇಟಿ, ನೀಟ್ ಮುಗಿಸಿ ಕಾಲೇಜು ಸೇರಿದ ಇಬ್ಬರು ಮೂವರು ಮಕ್ಕಳನ್ನೇ ಕೂರಿಸಿ ಮಾತಾಡಿಸಬೇಕು. ದೊಡ್ಡ ಭಾಷಣಕಾರರು ಬೇಡ. ಆರ್‌ಡಿ ಸಂಖ್ಯೆ ಎಲ್ಲಿ ಸಿಗುತ್ತದೆ, ಆಪ್ಷನ್ ಹೇಗೆ ಒತ್ತುವುದು ಎಂದು ಮೊಬೈಲ್‌ನಲ್ಲೇ ತೋರಿಸಲು ಅವರಿಗೆ ಬರುತ್ತದೆ. ಹತ್ತನೇ ತರಗತಿಯ ಮಕ್ಕಳ ಉಮ್ಮಂದಿರನ್ನೂ ಕರೆಯಬೇಕು, ಮನೆಯಲ್ಲಿ ಕಾಗದ ಪತ್ರ ಜೋಪಾನ ಮಾಡುವವರು ಅವರೇ.

ಪ್ರತಿ ಮನೆಯಲ್ಲೂ ಒಂದು ಫೈಲ್ ಇರಲಿ. ಅದರಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರಗಳು, ಆಧಾರ್, ಅಂಕಪಟ್ಟಿ, ಗಲ್ಫ್ ಮನೆಯಾದರೆ ಉಪ್ಪ ಉಮ್ಮನ ಶಾಲಾ ದಾಖಲೆ ಇಟ್ಟಿರಲಿ. ಅದರ ಮೇಲೆ ಒಂದು ಹಾಳೆಯಲ್ಲಿ ಮಗುವಿನ ಕೈಬರಹದಲ್ಲೇ ಬೇಕಾದ ಕೋರ್ಸು, ಐದು ಕಾಲೇಜು, ಅವುಗಳ ತಾರೀಕು ಬರೆದಿರಲಿ. ತಾರೀಕುಗಳು ವರ್ಷ ವರ್ಷ ಬದಲಾಗುತ್ತವೆ, ಆದ್ದರಿಂದ ಫಾರ್ವರ್ಡ್ ಆಗಿ ಬಂದ ಮೆಸೇಜನ್ನು ಅಲ್ಲ, ಅಧಿಕೃತ ಜಾಲತಾಣವನ್ನು ನೋಡಿ ಬರೆಯಲಿ.

ಈ ವರ್ಷ ಈಗಾಗಲೇ ತಡವಾದ ಮನೆಯವರಿಗೆ ನಾವು ಹೇಳುವುದು ಇಷ್ಟೇ. ಯಾವ ಬಾಗಿಲು ಮುಚ್ಚಿದೆ, ಯಾವುದು ತೆರೆದಿದೆ ಎಂದು ಇವತ್ತೇ ಪಟ್ಟಿ ಮಾಡಿ. ತೆರೆದ ಬಾಗಿಲಿಗೆ ನಾಳೆ ಬೆಳಗ್ಗೆ ಮಗುವನ್ನೇ ಮುಂದೆ ಬಿಟ್ಟು ಹೋಗಿ. ಮನೆಯಲ್ಲಿ ಒಂಬತ್ತು, ಹತ್ತರಲ್ಲಿ ಓದುವ ತಮ್ಮನೋ ತಂಗಿಯೋ ಇದ್ದರೆ, ವಾಪಸ್ ಬರುವ ದಾರಿಯಲ್ಲಿ ನಾಡಕಚೇರಿಗೂ ಹೊಕ್ಕು ಅವರ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟು ಬನ್ನಿ.